ಏರ್‌ಬ್ರಷ್ ಬಣ್ಣ ಸಿಡಿಸ್ತಿದ್ಯಾ? ಮೊದ್ಲು ಚುಕ್ಕಿ ಎಲ್ಲಿ ಬಿದ್ದಿದೆ ನೋಡಿ

ಹೊಸದಾಗಿ ಏರ್‌ಬ್ರಷ್ (ಗಾಳಿ ಒತ್ತಡದಿಂದ ಬಣ್ಣ ಸಿಂಪಡಿಸೋ ಸಣ್ಣ ಗನ್) ಹಿಡಿದೋರು ಬಣ್ಣ ಸಿಡೀತು ಅಂದ ತಕ್ಷಣ ಪ್ರೆಷರ್ ತಿರುಗಿಸ್ತಾರೆ, ಇನ್ನೊಂದಿಷ್ಟು ಥಿನ್ನರ್ ಸುರೀತಾರೆ, ನೀಡಲ್ (ಬಣ್ಣದ ದಾರಿ ತೆರೆದು ಮುಚ್ಚೋ ಒಳಗಿನ ಸೂಜಿ) ಕಿತ್ತು ತೊಳೀತಾರೆ, ಎಲ್ಲಾ ಒಟ್ಟಿಗೇ. ಸರಿಹೋದ್ರೂ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ನಾಳೆ ಮತ್ತೆ ಅದೇ ರಾಮಾಯಣ. ಒಂದ್ಸಲಕ್ಕೆ ಒಂದೇ ಬದಲಾಯಿಸಿ, ಅದಕ್ಕೂ ಮುಂಚೆ ಚುಕ್ಕಿ ಎಲ್ಲಿ ಬಿದ್ದಿದೆ, ಹೇಗಿದೆ ಅಂತ ಸರಿಯಾಗಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗತ್ತೆ.

ನಾನು ಹೇಳ್ತಿರೋದು ಮೇಲೆ ಬಣ್ಣದ ಕಪ್ ಇರೋ ಡಬಲ್ ಆಕ್ಷನ್ ಗನ್ (ಟ್ರಿಗರ್ ಒತ್ತಿದ್ರೆ ಗಾಳಿ, ಹಿಂದಕ್ಕೆ ಎಳೆದ್ರೆ ಬಣ್ಣ), 0.3 ಎಂಎಂ ನಾಝಲ್ (ಬಣ್ಣ ಹೊರಬರೋ ಮೂತಿ), ವಾಟರ್ ಬೇಸ್ ಅಕ್ರಿಲಿಕ್ ಬಣ್ಣದ ಲೆಕ್ಕದಲ್ಲಿ, ಅಂದ್ರೆ ಮಣ್ಣಿನ ಗಣಪತಿಗೆ, ಸಣ್ಣ ಮಾಡೆಲ್‌ಗಳಿಗೆ ಬಣ್ಣ ಹಾಕೋ ಸೆಟಪ್.

ಕಪ್ಪಿಗೆ ಬರೀ ನೀರು ಹಾಕಿ ಹಳೇ ನ್ಯೂಸ್‌ಪೇಪರ್ ಮೇಲೆ ಹೊಡೀರಿ. ನೀರು ನುಣ್ಣಗೆ ಮಂಜಿನ ಥರ ಬಂತಾ, ಗನ್ ಸರಿಯಿದೆ, ತೊಂದ್ರೆ ಬಣ್ಣದಲ್ಲೋ ಬೆರಳಲ್ಲೋ ಇದೆ. ನೀರೂ ಪಿಚಕ್ ಪಿಚಕ್ ಅಂತ ಉಗುಳ್ತಿದ್ರೆ ಬಣ್ಣದ ಮೇಲೆ ಗೂಬೆ ಕೂರಿಸ್ಬೇಡಿ, ಗನ್ ಬಿಚ್ಚಿ ನೋಡ್ಬೇಕು.

ಗೆರೆ ಶುರುವಾಗೋ ಜಾಗದಲ್ಲೇ ದಪ್ಪ ಚುಕ್ಕಿ ಬೀಳ್ತಿದ್ರೆ ಅದು ಬಹುಪಾಲು ಬೆರಳಿನ ಅಭ್ಯಾಸ. ಹೋದ ಗೆರೆ ಮುಗಿಸುವಾಗ ಟ್ರಿಗರ್ ಹಿಂದಕ್ಕೆ ಎಳೆದಿರುವಾಗ್ಲೇ ಗಾಳಿ ನಿಲ್ಲಿಸ್ಬಿಟ್ಟಿರ್ತೀರ, ಗಾಳಿ ನಿಂತ್ರೂ ಬಣ್ಣ ಒಂಚೂರು ಮುಂದೆ ಬಂದು ನೀಡಲ್ ತುದೀಲಿ ಕೂತಿರತ್ತೆ, ಮುಂದಿನ್ಸಲ ಒತ್ತಿದ ಕೂಡ್ಲೇ ಅದೇ ಹನಿ ಹಾರಿ ಬಂದು ಬೀಳತ್ತೆ. ಕ್ರಮ ಇಷ್ಟೇ: ಒತ್ತಿ, ಗಾಳಿ ಬರ್ಲಿ, ಕೈ ಚಲಿಸೋಕೆ ಶುರುವಾಗ್ಲಿ, ಆಮೇಲೆ ಹಿಂದಕ್ಕೆ ಎಳೀರಿ. ಮುಗಿಸುವಾಗ ಟ್ರಿಗರ್ ಪೂರ್ತಿ ಮುಂದಕ್ಕೆ ತಳ್ಳಿ ಬಣ್ಣ ನಿಲ್ಲಿಸಿ, ಆಮೇಲೆ ಬೆರಳು ಎತ್ತಿ. ನನ್ನ ಪ್ರಕಾರ ಕಲಿಯೋ ಟೈಮಲ್ಲಿ ಎರಡು ಗೆರೆ ಮಧ್ಯೆ ಗಾಳಿ ನಿಲ್ಲಿಸ್ಲೇಬಾರ್ದು, ಬೆರಳು ಒತ್ತಿಕೊಂಡೇ ಇರಿ, ಬರೀ ಹಿಂದೆ ಮುಂದೆ ಮಾಡಿ.

ಬಣ್ಣ ಬಿದ್ದಲ್ಲಿಂದ ಜೇಡಕ್ಕೆ ಕಾಲು ಬಂದ ಹಾಗೆ ಸುತ್ತ ಹರಡ್ತಿದ್ರೆ ಆ ಜಾಗ ತಡ್ಕೊಳ್ಳೋದಕ್ಕಿಂತ ಜಾಸ್ತಿ ದ್ರವ ಬೀಳ್ತಿದೆ ಅಂತ. ಮೊದ್ಲು ಟ್ರಿಗರ್ ಕಮ್ಮಿ ಎಳೀರಿ, ಆಗ್ಲಿಲ್ಲ ಅಂದ್ರೆ ಗನ್ ಸ್ವಲ್ಪ ದೂರ ತಗೊಳ್ಳಿ, ಆಮೇಲೂ ಇದ್ರೆ ಪ್ರೆಷರ್ ಇಳಿಸಿ. ಸಾಮಾನ್ಯ ಕೆಲಸಕ್ಕೆ 15ರಿಂದ 20 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಸಾಕು, ಹತ್ರದಿಂದ ಸಣ್ಣ ಗೆರೆ ಎಳೆಯೋಕೆ 10-12, ಆದ್ರೆ ಅಷ್ಟು ಕಮ್ಮಿಗೆ ಬಣ್ಣ ಇನ್ನೂ ತೆಳ್ಳಗೆ ಬೇಕು.

ಇದಕ್ಕೆ ಉಲ್ಟಾ, ಎಲ್ಲಾ ಕಡೆ ರವೆ ರವೆಯಾಗಿ ಒರಟು ಚುಕ್ಕಿ ಬಿದ್ರೆ ಬಣ್ಣ ಗಟ್ಟಿ ಇದೆ, ಇಲ್ಲಾ ಗಾಳಿ ಸಾಲ್ತಿಲ್ಲ. ಬ್ರಷ್‌ನಲ್ಲಿ ಬಣ್ಣಾನ ಕಪ್ಪಿನ ಒಳಗೋಡೆ ಮೇಲಕ್ಕೆ ಎಳೆದು ನೋಡಿ, ತೆಳು ಪೊರೆ ಬಿಟ್ಟು ಸಲೀಸಾಗಿ ಕೆಳಗೆ ಇಳೀಬೇಕು, ಅಲ್ಲೇ ದಪ್ಪಗೆ ಅಂಟಿಕೊಂಡ್ರೆ ಥಿನ್ನರ್ ಹನಿ ಹನಿಯಾಗಿ ಸೇರಿಸಿ. ಬೇರೆ ಬಟ್ಟಲಲ್ಲಿ ಕಲಸಿ, ನೈಲಾನ್ ಬಟ್ಟೇಲಿ ಸೋಸಿ ಆಮೇಲೆ ಕಪ್ಪಿಗೆ ಹಾಕಿ, ಬಾಟಲಿ ಬಾಯಲ್ಲಿ ಒಣಗಿರೋ ಚೂರು ಒಂದು ಸಾಕು ಇಡೀ ದಿನ ಹಾಳು ಮಾಡೋಕೆ.

ಚೆನ್ನಾಗಿ ಬರ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಕಮ್ಮಿಯಾಗಿ ಆಮೇಲೆ ಒಮ್ಮೆಗೇ ಉಗುಳಿದ್ರೆ ನೀಡಲ್ ತುದೀಲಿ ಅಕ್ರಿಲಿಕ್ ಒಣಗಿದೆ. ಬಳ್ಳಾರಿ, ಕಲಬುರಗಿ ಬಿಸಿಲಲ್ಲಂತೂ ಇದು ತಪ್ಪಿದ್ದಲ್ಲ. ಮೆತ್ತನೆ ಬ್ರಷ್ ಕ್ಲೀನರ್‌ನಲ್ಲಿ ಅದ್ದಿ ತುದಿ ಒರೆಸಿ, ಪೇಪರ್ ಮೇಲೆ ಒಂದ್ಸಲ ಹೊಡೆದು ಮುಂದುವರಿಸಿ. ಬಣ್ಣಕ್ಕೆ ಒಂದೆರಡು ಹನಿ ರಿಟಾರ್ಡರ್ (ಬಣ್ಣ ಬೇಗ ಒಣಗದ ಹಾಗೆ ಮಾಡೋ ದ್ರವ) ಹಾಕಿದ್ರೆ ಕಾಟ ಕಮ್ಮಿ.

ಕಪ್ಪಲ್ಲಿ ಗುಳ್ಳೆ ಏಳ್ತಿದ್ಯಾ? ಗಾಳಿ ವಾಪಸ್ ಬರ್ತಿದೆ, ನಾಝಲ್ ಸಡಿಲ ಆಗಿದೆ, ಕಟ್ಟಿಕೊಂಡಿದೆ ಅಥವಾ ಸೀಳಿದೆ. ಬಿಗಿ ಮಾಡೋವಾಗ ಜೋಪಾನ, ಸ್ಕ್ರೂ ಇರೋ ಸಣ್ಣ ನಾಝಲ್ ಜೋರಾಗಿ ತಿರುಗಿಸಿದ್ರೆ ಥ್ರೆಡ್ ಹತ್ರ ಮುರಿಯತ್ತೆ. ಸ್ಪ್ರೇ ಒಂದೇ ಪಕ್ಕಕ್ಕೆ ಹೋಗ್ತಿದ್ರೆ ನೀಡಲ್ ತುದಿ ಬಾಗಿದೆಯಾ ನೋಡಿ, ಟಿಶ್ಯೂ ಮೇಲೆ ಮೆಲ್ಲಗೆ ತಿರುಗಿಸ್ತಾ ಎಳೆದ್ರೆ ಬಾಗಿದ ತುದಿ ಕೊಕ್ಕೆ ಥರ ಟಿಶ್ಯೂ ಎಳೆ ಹಿಡಿಯತ್ತೆ. ಬಾಗಿರೋ ನೀಡಲನ್ನ ಹಾಗೇ ಹಿಂದಕ್ಕೆ ಎಳೀಬೇಡಿ, ನಾಝಲ್ ಸೀಳತ್ತೆ, ಮೊದ್ಲು ನಾಝಲ್ ತೆಗೆದು ಆಮೇಲೆ ನೀಡಲ್. ಸಣ್ಣ ಬಾಗು ಆದ್ರೆ 2000 ನಂಬರ್ ಮರಳು ಕಾಗದ ಒದ್ದೆ ಮಾಡ್ಕೊಂಡು ತಿರುಗಿಸ್ತಾ ತುದಿ ಕಡೆಗೆ ಎಳೆದು ನುಣುಪು ಮಾಡ್ಬಹುದು.

ಮಳೆಗಾಲದ್ದು ಬೇರೆ ಕಥೆ. ಗಣೇಶನ ಕೆಲಸ ಬರೋದೇ ಆ ಟೈಮಲ್ಲಿ, ಗಾಳೀಲಿರೋ ತೇವ ಕಂಪ್ರೆಸರ್‌ನಲ್ಲಿ ನೀರಾಗಿ ಪೈಪಿಗೆ ಬರತ್ತೆ, ಸ್ವಲ್ಪ ಹೊತ್ತು ಚೆನ್ನಾಗಿ ನಡೆದ ಮೇಲೆ ಬಣ್ಣ ತೊಳೆದು ಹೋದ ಹಾಗೆ ಪೇಲವ ಮಚ್ಚೆ ಬೀಳೋದು ಇದ್ರಿಂದ. ಬರೀ ಗಾಳೀನ ಕನ್ನಡಿ ಮೇಲೆ ಬಿಡಿ, ಹನಿ ಕಂಡ್ರೆ ಖಾತ್ರಿ. ಮಾಯಿಶ್ಚರ್ ಟ್ರ್ಯಾಪ್ (ಗಾಳೀಲಿರೋ ನೀರು ಹಿಡಿಯೋ ಭಾಗ) ಹಾಕಿ, ಟ್ಯಾಂಕ್ ಇದ್ರೆ ದಿನಾ ಕೆಲಸ ಮುಗಿದ ಮೇಲೆ ಪ್ರೆಷರ್ ಬಿಟ್ಟು ಕೆಳಗಿನ ವಾಲ್ವ್ ತೆಗೆದು ನೀರು ಇಳಿಸಿ.

ಈಗಾಗ್ಲೇ ಗಣಪನ ಮುಖದ ಮೇಲೆ ಚುಕ್ಕಿ ಬಿದ್ದಿದ್ರೆ ಉಜ್ಜೋಕೆ ಹೋಗ್ಬೇಡಿ, ಒದ್ದೆ ಬಟ್ಟೆ ತಾಗಿಸಿದ್ರೆ ಬಣ್ಣದ ಜೊತೆ ಮಣ್ಣೂ ಕಿತ್ತು ಬರಬಹುದು. ಒಣಗೋಕೆ ಬಿಡಿ, ಉಬ್ಬಿದ್ರೆ ಒಣ ಮರಳು ಕಾಗದದಲ್ಲಿ ಹಗುರವಾಗಿ ಸವರಿ, ಆಮೇಲೆ ಅದೇ ಮೈಬಣ್ಣಾನ ದೂರದಿಂದ ತೆಳ್ಳಗೆ ಎರಡು ಮೂರು ಕೋಟ್ ಹೊಡೀರಿ, ಪ್ರತಿ ಕೋಟ್ ಒಣಗಿದ ಮೇಲೇ ಇನ್ನೊಂದು.