ಮೊಣಕಾಲಿನಿಂದ ಕಲಿತ ಕೆಂಡಾಮ

ದಾರಕ್ಕೆ ಕಟ್ಟಿದ ಚೆಂಡನ್ನು ಎತ್ತಿ ಬಟ್ಟಲಿಗೋ ಮೊನೆಗೋ ಹಿಡಿಯುವ ಜಪಾನಿನ ಆಟಿಕೆ ಕೆಂಡಾಮ. ಅದು ಕೈಯಲ್ಲಿ ಹಿಡಿಯುವ ಆಟಿಕೆಯೇ ಆದರೂ ಆಡಿಸುವುದು ಮೊಣಕಾಲು. ಇದನ್ನು ನನಗೆ ಹೇಳಿಕೊಟ್ಟವರು ಹಿರೋಷಿಮಾದಲ್ಲಿ ನಾನು ಕೆಲಸಕ್ಕಿದ್ದಾಗ ಪಕ್ಕದ ಮನೆಯಲ್ಲಿದ್ದ ಹಿರಿಯರೊಬ್ಬರು. ನಾನು ಚೆಂಡು ಎತ್ತಿದಾಗಲೆಲ್ಲ ಅವರು ‘ಹಿಜಾ, ಹಿಜಾ’ ಎಂದು ತಮ್ಮ ಮೊಣಕಾಲು ತಟ್ಟಿ ತೋರಿಸುತ್ತಿದ್ದರು.

ಆಟಿಕೆಯ ರಚನೆ ಸರಳ. ಮರದ ಒಂದು ಹಿಡಿ, ಅದರ ತುದಿಗೆ ಮೊನೆ. ಅಡ್ಡಲಾಗಿ ತೂರಿಸಿದ ತುಂಡಿನ ಒಂದು ಕಡೆ ದೊಡ್ಡ ಬಟ್ಟಲು, ಇನ್ನೊಂದು ಕಡೆ ಚಿಕ್ಕದು. ಹಿಡಿಯ ಬುಡದಲ್ಲಿ ನಡು ಗಾತ್ರದ ಮೂರನೆಯದು. ದಾರಕ್ಕೆ ಕಟ್ಟಿದ ಚೆಂಡಿನ ತಳದಲ್ಲೊಂದು ತೂತು. ಈ ರೂಪವನ್ನು ಕೊಟ್ಟವರು ಕುರೆ ಊರಿನ ಎಗುಸಾ ಹಮಾಜಿ. ತಯಾರಿಕೆ 1921ರ ಸುಮಾರಿಗೆ ಹಿರೋಷಿಮಾ ಬಳಿಯ ಹತ್ಸುಕಾಯಿಚಿಯಲ್ಲಿ ಶುರುವಾಯಿತು. ನಮ್ಮ ಚನ್ನಪಟ್ಟಣದ ಹಾಗೆ ಅದು ಮರ ಕಡೆಯುವವರ ಊರು. 2014ರಲ್ಲಿ ಆರಂಭವಾದ ಕೆಂಡಾಮ ವಿಶ್ವಕಪ್ಪಿನ ಊರೂ ಅದೇ.

ಮೊದಲ ಪಾಠ ದೊಡ್ಡ ಬಟ್ಟಲು. ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಡಿಯನ್ನು ಹಿಡಿದು, ಉಳಿದ ಬೆರಳುಗಳನ್ನು ಕೆಳಗಿನ ಚಿಕ್ಕ ಬಟ್ಟಲಿಗೆ ಒತ್ತುಕೊಟ್ಟುಕೊಳ್ಳಬೇಕು. ಚೆಂಡು ಅಲುಗಾಡದೆ ನೇತಾಡುತ್ತಿರಬೇಕು. ಮಂಡಿ ಸ್ವಲ್ಪ ಬಗ್ಗಿಸಿ, ಎದ್ದು ನಿಲ್ಲುವ ಬಲದಿಂದಲೇ ಚೆಂಡನ್ನು ನೇರ ಮೇಲಕ್ಕೆಳೆಯಬೇಕು. ಇನ್ನು ಮುಖ್ಯವಾದದ್ದು: ಚೆಂಡು ಇಳಿಯುವಾಗ ಅದರ ಜೊತೆಗೇ ನಾವೂ ಮಂಡಿ ಬಗ್ಗಿಸಿ ಇಳಿಯಬೇಕು. ಬಟ್ಟಲು ಗಟ್ಟಿಯಾಗಿ ನಿಂತಿದ್ದರೆ ಚೆಂಡು ‘ಟಕ್’ ಎಂದು ಬಡಿದು ಪುಟಿದು ಹೊರಬೀಳುತ್ತದೆ. ಜೊತೆಗೆ ಇಳಿದರೆ ಸದ್ದೇ ಮೆತ್ತಗಾಗುತ್ತದೆ. ಕಣ್ಣಿಗಿಂತ ಮೊದಲು ಕಿವಿಗೇ ನನಗೆ ಆ ವ್ಯತ್ಯಾಸ ತಿಳಿಯಿತು.

ಆಮೇಲೆ ‘ಮೊಶಿಕಾಮೆ’: ದೊಡ್ಡ ಬಟ್ಟಲು, ಬುಡದ ಬಟ್ಟಲು, ಮತ್ತೆ ದೊಡ್ಡದು, ಹೀಗೆ ನಿಲ್ಲದೆ. ಆಮೆ-ಮೊಲದ ಮಕ್ಕಳ ಹಾಡಿನ ಲಯಕ್ಕೆ ಆಡುವುದು ವಾಡಿಕೆ. ಮಂಡಿಯ ಲಯ ಹಾಡಿಗೆ ಕೂಡಿತೆಂದರೆ ಕೈಗೆ ಮಣಿಕಟ್ಟು ತಿರುಗಿಸುವ ಕೆಲಸವೊಂದೇ ಉಳಿಯುತ್ತದೆ. ನಿಜವಾದ ಅಭ್ಯಾಸ ಎಂದರೆ ಇದೇ ಎಂಬುದು ನನ್ನ ಅಭಿಪ್ರಾಯ. ಸಾಹಸಗಳಿಗೆ ಅವಸರಪಡುವವರು ಇದನ್ನು ದಾಟಿ ಹೋಗಬಾರದು.

ಮೊನೆಗೆ ಚೆಂಡು ಸಿಕ್ಕಿಸುವ ‘ತೊಮೆಕೆನ್’ಗೆ ನಾನು ಹೆಚ್ಚು ಕಾಲ ಕೊಟ್ಟೆ. ಪೆನ್ನು ಹಿಡಿದಂತೆ ಹಿಡಿದು, ಎಡಗೈಯಿಂದ ಚೆಂಡಿನ ಸುತ್ತಾಟ ಪೂರ್ತಿ ನಿಲ್ಲಿಸುತ್ತೇನೆ. ದಾರ ಹೊರಡುವುದು ತೂತಿಗೆ ಎದುರಿನ ಕಡೆಯಿಂದ. ಹಾಗಾಗಿ ನೆಟ್ಟಗೆ ಎಳೆದರೆ ತೂತು ಕೆಳಮುಖವಾಗಿಯೇ ಮೇಲೇರುತ್ತದೆ. ಎಳೆತ ಚೂರು ಓರೆಯಾದರೂ ಚೆಂಡು ಉರುಳುತ್ತದೆ. ಮೇಲೇರಿ ಅರೆಕ್ಷಣ ತಂಗುವಾಗ ಮೊನೆಯನ್ನು ತೂತಿನಡಿ ತಂದು, ಮತ್ತೆ ಮಂಡಿ ಬಗ್ಗಿಸುವುದು. ಮೊನೆಯನ್ನು ಮೇಲಕ್ಕೆ ಚುಚ್ಚಲು ಹೋಗಬಾರದು, ಚೆಂಡು ತಾನೇ ಬಂದು ಕೂರಲಿ.

ದಾರ ಹುರಿಗೊಂಡಾಗ ಚೆಂಡನ್ನು ಇಳಿಬಿಟ್ಟು ತಾನಾಗಿ ಬಿಚ್ಚಿಕೊಳ್ಳಲು ಬಿಡಿ. ಹುರಿಗೊಂಡ ದಾರದಲ್ಲಿ ತೊಮೆಕೆನ್ ಆಗದು. ಕೊಳ್ಳುವಾಗ ಜಪಾನ್ ಕೆಂಡಾಮ ಸಂಘ ಮಾನ್ಯ ಮಾಡಿದ್ದನ್ನೇ ಕೊಳ್ಳಿ. ಅಂಗಡಿಯ ಅಗ್ಗದ ಆಟಿಕೆಗಳಲ್ಲಿ ತೂತು, ತೂಕ ಎರಡೂ ಹದ ತಪ್ಪಿರುತ್ತವೆ. ಸಂಘದ ದರ್ಜೆ ಪರೀಕ್ಷೆಯೂ ಹೆದರಿಸುವಂಥದ್ದಲ್ಲ: ಹತ್ತನೇ ಕ್ಯೂಗೆ, ಅಂದರೆ ಆರಂಭದ ದರ್ಜೆಗೆ, ಹತ್ತು ಯತ್ನಗಳಲ್ಲಿ ಒಮ್ಮೆ ದೊಡ್ಡ ಬಟ್ಟಲಿಗೆ ಚೆಂಡು ಬಿದ್ದರೆ ಸಾಕು.

ಸದ್ಯ ಕಲಿಯುತ್ತಿರುವುದು ‘ತೋದಾಯ್’, ಅಂದರೆ ದೀಪಸ್ತಂಭ. ಚೆಂಡನ್ನು ಕೈಯಲ್ಲಿ ಹಿಡಿದು, ಹಿಡಿಯನ್ನೇ ಮೇಲೆಳೆದು, ಚೆಂಡಿನ ನೆತ್ತಿಯ ಮೇಲೆ ಬುಡದ ಬಟ್ಟಲನ್ನು ಊರಿ ನೆಟ್ಟಗೆ ನಿಲ್ಲಿಸಬೇಕು. ಇಲ್ಲೂ ನಾನು ಶುರುಮಾಡಿದ್ದು ಮಂಡಿಯಿಂದಲೇ.