ಎದ್ದು ನಿಲ್ಲುತ್ತಿದ್ದ ಪ್ರೈಮರ್, ಚೆಲ್ಲುತ್ತಿದ್ದ ಮದ್ದು: ನನ್ನ ಅನುಭವ

ಇಲ್ಲಿ ಟೆಕ್ಸಾಸ್‌ನಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ತೋಟಾ ತುಂಬಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. 9 ಎಂಎಂ ತೋಟಾಗೆಂದು ಗ್ಯಾರೇಜಿನಲ್ಲಿ ಪ್ರೋಗ್ರೆಸಿವ್ ಪ್ರೆಸ್ ಕೂರಿಸಿದೆ; ತೋಟಾ ತುಂಬುವ ಹಂತಗಳನ್ನೆಲ್ಲ ಒಟ್ಟಿಗೇ ಮಾಡುವ ಕೈಯಂತ್ರ ಇದು. ಹಿಡಿ ಎಳೆದಾಗಲೆಲ್ಲ ಒಂದು ತೋಟಾ ಹೊರಬೀಳುತ್ತದೆ, ಮಜಾ ಅಲ್ವಾ? ಆದರೆ ತೋಟಾದ ತಳದಲ್ಲಿದ್ದು ಒಳಗಿನ ಸಿಡಿಮದ್ದಿಗೆ ಕಿಡಿ ಕೊಡುವ ಕೆಲವು ಪ್ರೈಮರ್‌ಗಳು ಬೆರಳು ಸವರಿದರೆ ತಾಗುವಷ್ಟು ಎದ್ದಿರುತ್ತಿದ್ದವು. ಹಾಗಿದ್ದರೆ ಬಂದೂಕಿನೊಳಗೆ ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್‌ನ ಮೊದಲ ಹೊಡೆತ ಪ್ರೈಮರ್ ಒಳಗೆ ತಳ್ಳುವುದರಲ್ಲೇ ಮುಗಿದು, ಗುಂಡು ಹಾರದೇ ಹೋಗಬಹುದು.

ಮದ್ದು, ಪ್ರೈಮರ್ ಎಲ್ಲ ಎತ್ತಿಟ್ಟು, ಖಾಲಿ ಬೆಂಚಿನ ಮೇಲೆ ತುಂಬಿದ ಲೋಟ ಇಟ್ಟೆ. ಹಿಡಿ ಒತ್ತಿದೆ. ನೀರು ತುಳುಕಿತು! ಪ್ರೈಮರ್ ಕೂರಿಸಬೇಕಾದ ಬಲವೆಲ್ಲ ಬೆಂಚ್ ಅಲ್ಲಾಡಿಸುವುದಕ್ಕೇ ಹೋಗುತ್ತಿತ್ತು. ಮರದ ಸ್ಕ್ರೂ ತೆಗೆದು, ಹಲಗೆಯ ಆಚೆಗೂ ಹಾಯುವ ಬೋಲ್ಟ್ ಹಾಕಿ, ಅಡಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದೆ. ಬೆಂಚನ್ನು ಗೋಡೆಯೊಳಗಿನ ಮರದ ಕಂಬಕ್ಕೆ ಕಟ್ಟಿದೆ. ಈಗ ಪ್ರೈಮರ್ ಕೇಸಿನ, ಅಂದರೆ ತೋಟಾದ ಹಿತ್ತಾಳೆ ಕವಚದ, ತಳಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂರುತ್ತದೆ.

ಮದ್ದು ಮಾತ್ರ ಇನ್ನೂ ಚೆಲ್ಲುತ್ತಿತ್ತು. ಕೇಸುಗಳನ್ನು ಹಿಡಿದು ಒಂದು ಹಂತದಿಂದ ಮುಂದಿನದಕ್ಕೆ ಒಯ್ಯುವ ಶೆಲ್ ಪ್ಲೇಟ್ ಗಕ್ಕನೆ ತಿರುಗಿ ನಿಲ್ಲುವುದೇ ಕಾರಣ. ನಡುವಿನ ಬೋಲ್ಟನ್ನು ಪ್ಲೇಟ್ ಹಿಡಿಯುವವರೆಗೆ ಬಿಗಿದು, ಚೂರೇ ಚೂರು ಸಡಿಲಿಸಿ, ಲಾಕ್ ಸ್ಕ್ರೂ ಹಾಕಿದೆ. ಪ್ಲೇಟ್ ಮೆತ್ತಗೆ ತಿರುಗುತ್ತಿದೆ. ಆದರೂ ಪ್ರತಿ ಕೇಸಿನೊಳಗೆ ಇಣುಕದೆ ಬುಲೆಟ್ ಇಡುವುದಿಲ್ಲ. ಮದ್ದು ಕಡಿಮೆಯಾದರೆ ಬುಲೆಟ್ ಬಂದೂಕಿನ ನಳಿಕೆಯಲ್ಲೇ ಸಿಕ್ಕಿಕೊಳ್ಳಬಹುದು.