ಬೇವಿನ ತುದಿ ಒಣಗಿದೆಯೇ? ಕೊಡಲಿ ಎತ್ತಬೇಡಿ

ರಾಯಚೂರಿನ ಬಿಸಿಲಿಗೆ ನೆರಳು ಎಂದರೆ ಬೇವಿನ ಗಿಡವೇ. ಮಳೆಗಾಲದ ಕೊನೆಗೆ ಅದರ ತುದಿಗಳು ಬೆಂಕಿ ತಾಗಿದಂತೆ ಕಂದಾಗಿ ಜೋತುಬಿದ್ದರೆ, ಕಡಿಸಿಬಿಡಿ ಎನ್ನುವವರೇ ಮೊದಲು ಬರುತ್ತಾರೆ. ಅವರ ಮಾತು ಕೇಳಬೇಡಿ. ಪಕ್ಕದ ತೆಲಂಗಾಣದಲ್ಲಿ 2021ರಲ್ಲಿ ವ್ಯಾಪಕವಾಗಿ ಕಂಡ ತುದಿ ಒಣಗು ರೋಗ ಇದಾಗಿರಬಹುದು. ಕಾರಣ ಫೋಮಾಪ್ಸಿಸ್ ಎಂಬ ಶಿಲೀಂಧ್ರ. ಹೆಚ್ಚಿನ ಗಿಡಗಳು ಮತ್ತೆ ಚಿಗುರುತ್ತವೆ.

ಮೊದಲು ಗುರುತಿಸಿ. ಫೆಬ್ರುವರಿ, ಮಾರ್ಚ್‌ನಲ್ಲಿ ಎಲೆ ಉದುರುವುದು ಸಹಜ, ಅದು ರೋಗವಲ್ಲ. ರೋಗ ತುದಿಯಿಂದ ಕೆಳಕ್ಕೆ ಇಳಿಯುತ್ತದೆ. ಹೂ, ಕಾಯಿಯೂ ಕೊಳೆಯುತ್ತವೆ. ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟ ರಸ ಹೀರಿದಾಗಲೂ ಎಳೆ ಚಿಗುರು ಒಣಗುವುದುಂಟು. ಕಾರಣ ಯಾವುದೇ ಇರಲಿ, ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ: ಒಳಗೆ ಹಸಿರಿದ್ದರೆ ಜೀವವಿದೆ. ಕಂದು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಗುರುತು ಹಾಕಿ.

ಗುರುತಿಗಿಂತ ಒಂದು ಗೇಣು ಕೆಳಗೆ, ಮಳೆ ಇಲ್ಲದ ದಿನ ಕೊಂಬೆ ಕತ್ತರಿಸಿ. ಪ್ರತಿ ಗಿಡಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ್ದನ್ನು ಗಿಡದ ಬುಡದಲ್ಲೇ ರಾಶಿ ಹಾಕಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ದೂರ ಒಯ್ದು ಹೂಳಿ. ಎತ್ತರದ ಕೊಂಬೆಗೆ ನೀವೇ ಹತ್ತಬೇಡಿ.

ಕತ್ತರಿಸಿದ ಗಾಯಕ್ಕೆ ಶಿಲೀಂಧ್ರ ತಡೆಯುವ ಬೋರ್ಡೊ ಮುಲಾಮು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕದಡಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಉಜ್ಜಿದ ಕಬ್ಬಿಣದ ಚಾಕುವಿನ ತುದಿಯನ್ನು ಅದ್ದಿ ನೋಡಿ, ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಹಳೇ ಬ್ರಷ್‌ನಲ್ಲಿ ಬಳಿದರಾಯಿತು.

ಕೈಗೆಟಕುವ ಎಳೆಯ ಗಿಡಕ್ಕೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 1 ಗ್ರಾಂನಂತೆ ಸಿಂಪಡಿಸಬಹುದು. ಆದರೆ ಆ ಗಿಡದ ಹೂ ಯುಗಾದಿಯ ಬೇವು-ಬೆಲ್ಲಕ್ಕೆ, ಕಡ್ಡಿ ಹಲ್ಲುಜ್ಜಲು ಬರದು.

ರೋಗ ಬೀಜದಲ್ಲೂ ಸಾಗುತ್ತದೆ. ಸಸಿ ಹೊತ್ತ ಲಾರಿ ಏನು ಮಾಡಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಆ್ಯಷ್ ಮರ ಸಾಕ್ಷಿ: ಅದನ್ನು ಒಣಗಿಸುವ ಶಿಲೀಂಧ್ರ ಅಲ್ಲಿ 2012ರಲ್ಲಿ ಮೊದಲು ಪತ್ತೆಯಾದದ್ದು ನೆದರ್ಲೆಂಡ್ಸ್‌ನಿಂದ ತರಿಸಿದ ಸಸಿಗಳಲ್ಲಿ. ನೀವೂ ಒಣಗು ಕಂಡ ಗಿಡದ ಬೀಜದಿಂದ ಸಸಿ ಮಾಡಬೇಡಿ.

ಸಂಶಯವಿದ್ದರೆ ಒಣಗಿದ ಭಾಗ, ಹಸಿ ಭಾಗ ಕೂಡುವ ತುಂಡನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿ. ಕಾಗದದಲ್ಲಿ ಸುತ್ತಿ ಒಯ್ಯಿರಿ; ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಬೂಸ್ಟು ಬೆಳೆದು ಮೂಲ ರೋಗ ಮರೆಯಾಗುತ್ತದೆ.